ಮಾವನ ಚುಕ್ಕಿ, ಅಮ್ಮನ ಎರಡು ಹೆಸರು

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನಂತೂ ಹೇಳುವುದಿಲ್ಲ; ಹೇಳುವವರು ಬಳ್ಳಾರಿಯಲ್ಲಿ ಬೇಕಾದಷ್ಟು ಜನರಿದ್ದಾರೆ! ಮದುವೆಮನೆಯಲ್ಲಿ ಲೋಕವೆಲ್ಲ "ಆರಾಮೇನ್ರಿ?" ಎಂದು ಕೇಳಿದರೆ ಇವರು ಕೇಳುವುದು, "ಯಾವ ಇಂಜೆಕ್ಷನ್ ನಿಮಗ ಆಗಿಬರಂಗಿಲ್ರಿ?" ಬೀಗರು ಎಲೆ ಬಿಟ್ಟು ಏಳದೆ ಇನ್ನೇನು ಮಾಡಿಯಾರು?

ಮಾವ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ಅದಕ್ಕೆ ಸಿರುಗುಪ್ಪ, ಕುರುಗೋಡಿನಲ್ಲೂ ಶಾಖೆಗಳಿವೆ. ಮೂರೂ ಕಡೆಯ ರೋಗಿಗಳ ದಾಖಲೆಗಳನ್ನು, ಹಳೆಯ ಕಾಗದಗಳನ್ನೂ ಸೇರಿಸಿ, ಒಂದುಗೂಡಿಸಬೇಕೆಂಬುದು ಅವರ ಹುಚ್ಚು. ಅದಕ್ಕಾಗಿ ಅವರು ಕಟ್ಟುತ್ತಿದ್ದ ಗ್ರಾಫ್ ಡೇಟಾಬೇಸ್ ಅಂದರೇನು ಎಂದು ಕೇಳಿದ ತಪ್ಪಿಗೆ ನನ್ನ ತಟ್ಟೆಯ ಒಗ್ಗರಣೆ ಮಂಡಕ್ಕಿಯನ್ನೇ ಮೇಜಿನ ಮೇಲೆ ಹರಡಿದರು. "ಈ ಚುಕ್ಕಿ ರೋಗಿ, ಈ ಚುಕ್ಕಿ ರೋಗ, ಈ ಮಿರ್ಚಿ ಡಾಕ್ಟ್ರು. ನಡುವ ಗೆರಿ ಎಳದ್ರ ಮುಗೀತು!" ಗೆರೆ ಎಳೆಯುವಷ್ಟರಲ್ಲಿ ಡಾಕ್ಟರನ್ನು ಅವರೇ ತಿಂದು ಮುಗಿಸಿದ್ದರು.

ಶುರುವಿನಲ್ಲಿ ಅವಾಂತರಗಳೂ ಆದವು. ನಮ್ಮ ಕಡೆ ಮನೆಮಂದಿಗೆಲ್ಲ ಒಂದೇ ಮೊಬೈಲ್ ನಂಬರ್ ಬರೆಸುವುದು ರೂಢಿ. ನಂಬರ್ ಒಂದೇ ಆದರೆ ಮನುಷ್ಯನೂ ಒಬ್ಬನೇ ಎಂದುಕೊಂಡಿತು ಯಂತ್ರ. ದಾಖಲೆ ಓದಿ ಸಾರಾಂಶ ಬರೆಯುವ ಎಐ, ಬಾದನಹಟ್ಟಿಯ ಅಜ್ಜರೊಬ್ಬರಿಗೆ ಮೊಣಕಾಲು ನೋವಿನ ಜೊತೆ ಎರಡು ಹೆರಿಗೆಯನ್ನೂ ದಯಪಾಲಿಸಿತು! ಅಜ್ಜ ಕೈಮುಗಿದರಂತೆ: "ಅದು ಸೊಸಿದು ಇರಬೇಕ್ರಿ ಸಾಹೇಬ್ರ. ನಂದು ಮೊಣಕಾಲು ಅಷ್ಟ ಐತಿ."

ಮಾವ ಬಗ್ಗಲಿಲ್ಲ. ಅನುಮಾನ ಬಂದರೆ ತಾನೇ ಜೋಡಿಸಕೂಡದು, ಮನುಷ್ಯರನ್ನು ಕೇಳಬೇಕು ಎಂದು ಯಂತ್ರಕ್ಕೆ ಕಲಿಸಿದರು. ಇಷ್ಟು ವಿನಯ ನಮ್ಮ ಬಂಧುಗಳಲ್ಲಿ ಎಷ್ಟು ಜನಕ್ಕಿದೆ?

ಸ್ವತಃ ಮಾವನಿಗೂ ಇಲ್ಲ! ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆದಾಗ ನನ್ನ ಅಮ್ಮ ಪದ್ಮಾವತಿ ಹೋಗಿ ಇಂದಿರಾ ಆದಳು. ಮಾವ ಒಬ್ಬರನ್ನು ಬಿಟ್ಟು ಎಲ್ಲರೂ ಒಪ್ಪಿದರು. "ನನ್ನ ತಂಗಿ ಪದ್ದಿ. ಇಂದಿರಾ ಅನ್ನಾಕಿ ಯಾರು? ನನಗ ಗೊತ್ತಿಲ್ಲ," ಎಂದು ಇವತ್ತಿಗೂ ಹಠ.

ಈಚೆಗೆ ಮಾವನ ಆಸ್ಪತ್ರೆಯಲ್ಲೇ ಅಮ್ಮನಿಗೆ ಪಿತ್ತಕೋಶದ ಆಪರೇಷನ್ ನಿಗದಿಯಾಯಿತು. ಆಗಿಬರದ ಔಷಧಿ ಇದೆಯೇ ಎಂದು ಡಾಕ್ಟರು ಕೇಳಿದರೆ "ಏನಿಲ್ರಿ" ಎಂದಳು ಅಮ್ಮ. ಆದರೆ ಬೆಳಿಗ್ಗೆ ಅಡ್ಮಿಟ್ ಮಾಡುವಾಗ ಮಾವನ ಪರದೆಯ ಮೇಲೆ ಯಂತ್ರ ಪ್ರಶ್ನೆ ಹಾಕಿತ್ತು: "ಬಳ್ಳಾರಿಯ ಇಂದಿರಾ, ಸಿರುಗುಪ್ಪದ ಪದ್ಮಾವತಿ, ಇಬ್ಬರಿಗೂ ಹುಟ್ಟಿದ ದಿನ, ತಂದೆಯ ಹೆಸರು ಒಂದೇ. ಒಬ್ಬರೇ ಇರಬಹುದೇ?"

ಸಿರುಗುಪ್ಪ ಅಮ್ಮನ ತವರು. ಅಲ್ಲಿನ ಪದ್ಮಾವತಿ ಮದುವೆಗೆ ಮುಂಚೆ ಒಮ್ಮೆ ಉಸಿರು ನಿಂತು ಸಾಯುವಂತಾಗಿದ್ದಳು. ಜ್ವರ ತಲೆಗೇರಿತ್ತು ಎಂದೇ ಮನೆಯವರು ನಂಬಿದ್ದರು. ಆದರೆ ಇಂಜೆಕ್ಷನ್ ಒಗ್ಗದೆ ಹಾಗಾಯಿತು ಎಂದು ಆ ಶಾಖೆಯ ಹಳೆಯ ಕಾಗದದಲ್ಲಿ ಡಾಕ್ಟರು ಬರೆದಿದ್ದರು. ಅದೇ ಇಂಜೆಕ್ಷನ್ ಈಗ ಅಮ್ಮನಿಗಾಗಿ ತೆಗೆದಿಟ್ಟಿದ್ದರು!

ಒತ್ತಬೇಕಾದದ್ದು ಒಂದೇ ಒಂದು "ಹೌದು". ಇಷ್ಟು ವರ್ಷ ಇಂದಿರಾ ಯಾರೆಂದೇ ಗೊತ್ತಿಲ್ಲ ಎಂದವರು ಅದನ್ನು ಒತ್ತಿ, ಡಾಕ್ಟರ ಕೋಣೆಗೆ ಓಡಿದರು. ಡಾಕ್ಟರು ಹಳೆಯ ಕಾಗದವನ್ನು ತಾಳೆ ನೋಡಿ ಇಂಜೆಕ್ಷನ್ ಬದಲಿಸಿದರು.

ಆಪರೇಷನ್ ಸುಸೂತ್ರವಾಯಿತು. ಕಣ್ಣು ಬಿಟ್ಟ ಅಮ್ಮ ಪಕ್ಕದಲ್ಲಿದ್ದ ಅಣ್ಣನನ್ನು ಛೇಡಿಸಿದಳು: "ಏನಣ್ಣಾ, ನಾನು ಇಂದಿರಾ ಅಂತ ಒಪ್ಪಿಕೊಂಡ್ಯಂತ?"

ಮಾವ ಅವಳ ಕೈ ಹಿಡಿದುಕೊಂಡರು. ಕನ್ನಡಕ ಒದ್ದೆಯಾಗಿತ್ತು.

"ಯಾರರೆ ಆಗು ತಾಯಿ. ಇರು, ಸಾಕು."