ಚಿಟಿಕೆಗೊಂದು ಅರ್ಧ ಟಿಕೆಟ್ಟು

ಟಿಕೆಟ್ ತೆಗೆದುಕೊಳ್ಳದೆ ಸಿಕ್ಕಿಬಿದ್ದು ಬಸ್ಸಿನಿಂದ ಇಳಿದವರು ಬೇಕಾದಷ್ಟು ಮಂದಿ. ಟಿಕೆಟ್ ಕೊಡಿ ಎಂದು ಗೋಗರೆದು, ಕೊಡದಿದ್ದಕ್ಕೆ ಕಾದಾಡಿ, ಕತ್ತಿನ ಪಟ್ಟಿ ಹಿಡಿಸಿಕೊಂಡು ಇಳಿದವನು ಬಹುಶಃ ಬೀಗ ರಿಪೇರಿಯವನೊಬ್ಬನೇ.

ಮಗಳಿಗೆ ಮಾತು ಕೊಟ್ಟಿದ್ದ, ಅದೇ ಎಡವಟ್ಟಾಯಿತು. ಆರು ತುಂಬಿದ ಮೇಲೆ ಅವಳಿಗೂ ಅರ್ಧ ಟಿಕೆಟ್. ಅವಳದೇ ಸ್ವಂತ, ಕೈಯಲ್ಲಿ ಹಿಡಿದು ಕಿಟಕಿ ಪಕ್ಕ ಕೂರಬಹುದು. ಆರು ತುಂಬಿತು. ಆದರೆ ನೋಡಿದವರು ಮೂರು ಎನ್ನುತ್ತಿದ್ದರು. ಹಾಲು ಕುಡಿದರೆ ಭೇದಿ, ಗೋಧಿ ತಿಂದರೆ ಹೊಟ್ಟೆ ನಗಾರಿ, ಮೊಟ್ಟೆ ಮುಟ್ಟಿದರೆ ಮೈಯೆಲ್ಲ ದದ್ದು. ಓಣಿಯವರು ಇಟ್ಟ ಹೆಸರು ಚಿಟಿಕೆ. ಉಪ್ಪಿನಷ್ಟಿದ್ದಾಳೆ ಅಂತ. ಊರಿನ ಬೀಗಗಳನ್ನೆಲ್ಲ ಒಂದು ತಂತಿಯಲ್ಲಿ ತೆರೆಯುವವನಿಗೆ ಮಗಳ ಹೊಟ್ಟೆಯ ಕೀಲಿ ಮಾತ್ರ ಸಿಕ್ಕಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಪುಡಿಯೊಂದನ್ನು ನೀರಿನಲ್ಲಿ ಕದಡಿ ಕುಡಿಸಿದರೆ ಒಳಗೆ ನಿಲ್ಲುತ್ತಿತ್ತು. ಅಂಗಡಿಯಲ್ಲಿ ಅದರ ಬೆಲೆ ಕೇಳಿದ ದಿನ ಅಪ್ಪನಿಗೇ ಊಟ ಸೇರಿರಲಿಲ್ಲ. ಈಗ ಮನೆಯ ಡಬ್ಬಿಯ ತಳ ಕಾಣುತ್ತಿತ್ತು.

"ಬಾಯಿ ಮುಚ್ಕೊಂಡು ಹೋಗಿ, ಅಳತೆ ಮಾಡಿಸಿ, ಡಬ್ಬಿ ತಗೊಂಡು, ಬಾಯಿ ಮುಚ್ಕೊಂಡು ಬನ್ನಿ," ಎಂದು ಹೆಂಡತಿ ಬಾಗಿಲಲ್ಲೇ ಹೇಳಿದ್ದಳು. ಗಂಡನ ಬಾಯಿ ಅವಳಿಗೆ ಗೊತ್ತು. ಅದೊಂದಕ್ಕೆ ಅವನು ಬೀಗ ಮಾಡಿಕೊಂಡಿರಲಿಲ್ಲ.

ಬಸ್ಸಿನ ಬಾಗಿಲ ಕಂಬಕ್ಕೆ ಒಂದು ಕೆಂಪು ಗೆರೆ. ಗೆರೆ ಮುಟ್ಟಿದ ಮಕ್ಕಳಿಗೆ ಟಿಕೆಟ್, ಮುಟ್ಟದವರಿಗೆ ಪುಕ್ಕಟೆ.

"ಒಂದೂವರೆ ಕೊಡಿ," ಎಂದ ಅಪ್ಪ ಎದೆಯುಬ್ಬಿಸಿ.

ಕಂಡಕ್ಟರ್ ಕೆಳಗೆ ನೋಡಿದ. ಇನ್ನೂ ಕೆಳಗೆ ನೋಡಿದ. "ಒಂದು ಸಾಕು. ಕೂಸಿಗೆ ಬೇಡ."

"ಕೂಸಲ್ಲ ರೀ. ಆರು ತುಂಬಿದೆ."

"ಆರು ತಿಂಗಳಾ?"

ಹಿಂದಿನ ಸೀಟುಗಳು ಕಿಸಕ್ಕೆಂದವು. ಚಿಟಿಕೆ ಚಾಚಿದ್ದ ಅಂಗೈಯನ್ನು ಮೆಲ್ಲಗೆ ಮುಚ್ಚಿಕೊಂಡಳು. ಅಪ್ಪನ ಕಿವಿ ಕಾದ ಹೆಂಚಾಯಿತು.

"ದುಡ್ಡು ಕೊಡ್ತೀನಿ ಅಂದ್ರೂ ಟಿಕೆಟ್ ಕೊಡಲ್ಲ ಅಂತೀರಲ್ಲ, ಇದ್ಯಾವ ನ್ಯಾಯ?"

"ಗೆರೆ ಹೇಳಬೇಕು, ನೀವಲ್ಲ," ಎಂದು ಕಂಡಕ್ಟರ್ ಅವಳನ್ನು ಕಂಬಕ್ಕೆ ಒತ್ತಿ ನಿಲ್ಲಿಸಿದ. ನೆತ್ತಿಗೂ ಗೆರೆಗೂ ನಡುವೆ ಒಂದು ಬನ್ನು ಇಡುವಷ್ಟು ಜಾಗ.

"ಜುಟ್ಟು ಸೇರಿಸಿ ನೋಡಿ!"

"ಜುಟ್ಟಿಗೆ ಟಿಕೆಟ್ ಇಲ್ಲ."

ಅಷ್ಟರಲ್ಲಿ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ಕರುಳು ಕರಗಿ ಚಿಟಿಕೆಯ ಕೈಗೆ ಬಿಸ್ಕತ್ತು ತುರುಕಿದಳು. ಹಸಿದ ಹುಡುಗಿ ಬಾಯಿಯ ತನಕ ಒಯ್ದಿದ್ದಳು. ಅಪ್ಪ ಹದ್ದಿನ ಹಾಗೆ ಎರಗಿ ಕಿತ್ತು ಕಿಟಕಿಯಾಚೆ ಎಸೆದ.

"ಅಯ್ಯೋ ಪಾಪಿ! ಮಗಿನ ಬಾಯಿಂದ ಕಿತ್ಕೊಂಡನಲ್ಲಪ್ಪಾ!"

"ಅವಳಿಗೆ ಅದು ಆಗಲ್ಲಮ್ಮಾ."

"ಬಿಸ್ಕತ್ತು ಆಗದ ಮಗು ಎಲ್ಲಾದ್ರೂ ಇರತ್ತಾ? ನಾನು ಏಳು ಹೆತ್ತಿದೀನಿ. ಕಲ್ಲು ಕೊಟ್ರೂ ಅರಗಿಸ್ಕೊಂಡ್ರು."

"ಅವರಿಗೆ ಕಲ್ಲೇ ಹಾಕಿ! ನನ್ನ ಮಗಳ ಬಾಯಿಗೆ ಕೈ ಹಾಕ್ಬೇಡಿ!"

"ತಿನ್ನಕ್ಕೂ ಬಿಡಲ್ಲ, ಬೆಳೀಲಿಲ್ಲ ಅಂತ ಜಗಳ ಬೇರೆ," ಎಂದರು ಕನ್ನಡಕದ ಹಿರಿಯರೊಬ್ಬರು, ಇಡೀ ಬಸ್ಸಿಗೆ ಕೇಳುವಂತೆ.

ಇಡೀ ಬಸ್ಸು ತಲೆಯಾಡಿಸಿತು. ಆರು ವರ್ಷ ರಾತ್ರಿ ಹಗಲು ಅವಳ ಹೊಟ್ಟೆ ಸವರಿದವನಿಗೆ, ನಿಂತ ನಿಲುವಿನಲ್ಲಿ ನಲವತ್ತು ಮಂದಿ ತೀರ್ಪು ಕೊಟ್ಟರು. ಯಾರ ಮೇಲೆ ಕೂಗಬೇಕೋ ತಿಳಿಯದೆ ಅವನು ಎಲ್ಲರಿಗಿಂತ ಚಿಕ್ಕವಳ ಮೇಲೆ ಕೂಗಿದ.

"ನೀನಾದ್ರೂ ನೆಟ್ಟಗೆ ನಿಂತ್ಕೊಳ್ಳೇ! ನಿನ್ನಿಂದ ನನಗೆ…"

ಉಳಿದದ್ದನ್ನು ನುಂಗಿದ. ಆದರೆ ಅರ್ಧ ಮಾತೇ ಸಾಕಾಗಿತ್ತು. ಉಳಿದರ್ಧ ಪೂರ್ತಿ ಮಾಡಿಕೊಳ್ಳಲು ಮಕ್ಕಳಿಗೆ ಬರುತ್ತದೆ. ಕಂಡಕ್ಟರ್ ಸೀಟಿ ಊದಿದ. ಕತ್ತಿನ ಪಟ್ಟಿ ಹಿಡಿದು ಇಳಿಸುವಾಗಲೂ ಅಪ್ಪ "ಒಂದೂವರೆ, ಒಂದೂವರೆ" ಎನ್ನುತ್ತಲೇ ಇದ್ದ.

ಉಳಿದ ದಾರಿಯನ್ನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದ. ಹೆಗಲಿಗೆ ಭಾರವೇ ಇಲ್ಲ, ಅದೇ ಅವನಿಗೆ ಭಾರ.

ಆಸ್ಪತ್ರೆಯಲ್ಲಿ ಸಾಲು ಬಾಗಿಲು ದಾಟಿ ಬಂದಿತ್ತು. ತೂಕದ ಯಂತ್ರ ಕೆಟ್ಟು, ಮೇಲೊಂದು ಬಟ್ಟೆ ಹೊದೆಸಿದ್ದರು. ಅಳತೆ ಮಾತ್ರ. ನರ್ಸಮ್ಮನ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅಳತೆಗೋಲಿನ ಹಲಗೆ. ನಾಳೆಗೆ ಬೆಳೆಯುತ್ತಾಳೆಂದು ಹೊಲಿಸಿದ ಲಂಗ ನೆಲ ಗುಡಿಸುತ್ತ, ಚಿಟಿಕೆ ಗೋಲಿಗೆ ಬೆನ್ನು ಕೊಟ್ಟು ನಿಂತಳು. ತುಟಿ ಕಚ್ಚಿಕೊಂಡಿದ್ದಳು.

ಹಲಗೆ ಇಳಿಯಿತು. ನರ್ಸಮ್ಮ ಫೋನಿಗೆ "ಒಂದು ನಿಮಿಷ ಇರೇ" ಎಂದಳು. "ಪರ್ವಾಗಿಲ್ವೇ! ಹೋದ ಸಲಕ್ಕಿಂತ ಎಷ್ಟೋ ಬೆಳೆದಿದಾಳೆ."

ಬೀಗದವನು ಹಿಂದೆ ನಿಂತಿದ್ದ ಅಪರಿಚಿತನನ್ನು ತಬ್ಬಿಕೊಂಡ. ಸಾಲಿಗೆಲ್ಲ ಕೇಳುವಂತೆ, "ಬಸ್ಸಿನ ಗೆರೆನೇ ಸುಳ್ಳು ರೀ! ಗೆರೆ ಎಳೆದವನ ಕಣ್ಣು ಹೋಗಿತ್ತು!" ಎಂದ. ಕಣ್ಣೊರೆಸಿಕೊಂಡು ಡಬ್ಬಿಯ ಕಿಟಕಿಗೆ ಹಾರಿಕೊಂಡೇ ಹೋದ.

"ನಿಮಗಿಲ್ಲ," ಎಂದ ಕಿಟಕಿಯವನು. "ಡಬ್ಬಿ ಕಮ್ಮಿ ಬರ್ತಿದೆ. ಬೆಳೆಯದೆ ಇರೋ ಮಕ್ಕಳಿಗೆ ಮಾತ್ರ ಅಂತ ಆರ್ಡರ್."

"ಸ್ವಾಮಿ, ಡಬ್ಬಿ ಕುಡಿದೇ ಬೆಳೆದಿರೋದು!"

"ಅಂದ್ಮೇಲೆ ಕೆಲಸ ಆಯ್ತಲ್ಲ. ಸಂತೋಷ ಪಡಿ."

ಮೇಲೆ ಹತ್ತುತ್ತಿದ್ದಾನೆ, ಇನ್ನು ಏಣಿ ಯಾಕೆ, ತೆಗೆಯಿರಿ ಎನ್ನುವ ಜಾಣರು! ಬೀಗದವನು ಮೆಟ್ಟಿಲ ಮೇಲೆ ಕುಸಿದ. ಪಕ್ಕದಲ್ಲಿ ಚಿಟಿಕೆ ಮೀನಖಂಡ ಒತ್ತಿಕೊಳ್ಳುತ್ತಿದ್ದಳು.

"ಕಾಲು ನೋಯ್ತಿದೆ ಅಪ್ಪಾ."

"ಹೊತ್ಕೊಂಡೇ ಬಂದ್ನಲ್ಲೇ. ಯಾಕೆ ನೋವು?"

"ಬೆರಳ ಮೇಲೆ ನಿಂತಿದ್ನಲ್ಲಾ! ಲಂಗದೊಳಗೆ. ಆ ಆಂಟಿ ನೋಡ್ಲೇ ಇಲ್ಲ." ಅವಳ ಮುಖ ಅರಳಿತ್ತು. "ನಿಂಗೆ ಖುಷಿ ಆಯ್ತಲ್ವಾ?"

ಬೆಳಿಗ್ಗೆ ಅವನು ನುಂಗಿದ ಆ ಅರ್ಧ ಮಾತನ್ನು ಅವಳು ಹೀಗೆ ಪೂರ್ತಿ ಮಾಡಿಕೊಂಡಿದ್ದಳು. ಮಗಳನ್ನು ಕಂಕುಳಿಗೆ ಏರಿಸಿಕೊಂಡು, ಸಾಲನ್ನು ಸೀಳಿಕೊಂಡು ಓಡಿದ.

"ನರ್ಸಮ್ಮಾ, ಅಳತೆ ತಪ್ಪು! ಬೆರಳ ಮೇಲೆ ನಿಂತಿದ್ಲು, ಇವಳು ಬೆಳೆದಿಲ್ಲ! ನೋಡಿ, ಎಷ್ಟು ಗಿಡ್ಡ ಇದಾಳೆ! ಮೂರು ವರ್ಷದವಳ ಥರ ಇಲ್ವಾ? ನೀವೇ ಹೇಳ್ರಪ್ಪಾ, ಗಿಡ್ಡ ಅಲ್ವಾ?"

ಸಾಲಿನವರು ಬಾಯಿ ಬಿಟ್ಟುಕೊಂಡು ನೋಡಿದರು. ಈಗಷ್ಟೇ ತಬ್ಬಿಸಿಕೊಂಡವನು ಎರಡು ಹೆಜ್ಜೆ ಹಿಂದೆ ಸರಿದ.

"ಡಬ್ಬಿ ಇಲ್ಲ ಅಂದ ತಕ್ಷಣ ಮಕ್ಕಳೆಲ್ಲ ಕುಗ್ಗಿಬಿಡ್ತಾವೆ," ಎಂದಳು ನರ್ಸಮ್ಮ. "ಹೇಳಿಕೊಟ್ಟು ಕರ್ಕೊಂಡು ಬರೋ ಅಪ್ಪಂದಿರನ್ನ ದಿನಾ ನೋಡ್ತೀನಿ."

"ನನ್ನಾಣೆ, ನಾನೇನೂ ಹೇಳಿಕೊಟ್ಟಿಲ್ಲ ತಾಯಿ. ಒಂದೇ ಒಂದು ಸಲ ಅಳೀರಿ. ಕಾಲಿಗೆ ಬೀಳ್ತೀನಿ."

ಅವನು ಬಿದ್ದೇಬಿಟ್ಟ. ನರ್ಸಮ್ಮನ ಮುಖ ಸಡಿಲಾಯಿತು. ಫೋನು ಕೆಳಗಿಟ್ಟಳು, ಬಗ್ಗಿ ಲಂಗದ ಅಂಚನ್ನು ಪಾದದ ಮೇಲಕ್ಕೆ ಎತ್ತಿದಳು, ಹಲಗೆಗೆ ಕೈ ಹಾಕಿದಳು. ಸಾಲು ಕತ್ತು ಉದ್ದ ಮಾಡಿತು.

ಚಿಟಿಕೆ ನೆಲದ ಮೇಲಿದ್ದ ಅಪ್ಪನನ್ನು ನೋಡಿದಳು. ಬೆಳಿಗ್ಗೆ ಎತ್ತರ ಬೇಕೆಂದು ಬೈಸಿಕೊಂಡ, ಈಗ ಗಿಡ್ಡ ಬೇಕೆಂದು ಅಳುತ್ತಿದ್ದಾನೆ. ಪಾಪ, ಅಪ್ಪನಿಗೆ ಇನ್ನೊಮ್ಮೆ ಅವಮಾನ ಆಗಬಾರದು. ಸಾಲಿಗೆಲ್ಲ ಕೇಳುವಂತೆ ಅವಳು ಕೇಳಿದಳು:

"ಅಪ್ಪಾ, ಈಗ ಮಂಡಿ ಬಗ್ಗಿಸ್ಲಾ?"

ನರ್ಸಮ್ಮ ಹಲಗೆಯನ್ನು ಮೇಲಕ್ಕೆ ಸರಿಸಿದಳು.

"ಮುಂದಿನವರು ಬನ್ನಿ."