ಒಂಬತ್ತು ದಿನದ ಒಳ್ಳೆಯತನ

ನನಗೆ ಸಿಟ್ಟು ಬರುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎಲ್ಲಿಗಾದರೂ ಹೋಗಿದ್ದರೆ ತಾನೇ ಬರುವುದು? ಬೆಳಿಗ್ಗೆ ಪೇಸ್ಟಿನ ಮುಚ್ಚಳ ಕಾಣಲಿಲ್ಲ ಎಂದು ಶುರುವಾಗುವ ನನ್ನ ಕೂಗು, ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆಂಕಿಪೊಟ್ಟಣ ಎಲ್ಲಿ ಹಾಳಾಯಿತು ಎನ್ನುವವರೆಗೂ ಎಡೆಬಿಡದೆ ನಡೆಯುತ್ತದೆ. ಇದರಲ್ಲಿ ನನ್ನ ತಪ್ಪು ಅರ್ಧ ಮಾತ್ರ, ಉಳಿದರ್ಧ ನಮ್ಮೂರಿನದು. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದವನು ಮೆತ್ತಗೆ ಮಾತಾಡಿದರೆ ಯಾರಿಗೆ ಕೇಳಬೇಕು ಹೇಳಿ? ನಮ್ಮ ನಡುಮನೆಗೂ ಆರು ಮಗ್ಗದ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. "ಚೂರು ಉಪ್ಪು ಹಾಕು" ಅನ್ನುವುದನ್ನೂ ನಾವು ಜಗಳದ ಧಾಟಿಯಲ್ಲೇ ಹೇಳಬೇಕು. ಹೊಸದಾಗಿ ಬಂದ ನೆಂಟರು ನಾವು ಅವರನ್ನೇ ಬೈಯುತ್ತಿದ್ದೇವೆ ಅಂದುಕೊಂಡು ಊಟ ಬಿಟ್ಟು ಎದ್ದದ್ದೂ ಉಂಟು.

ಹೊರಗಿನವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯವಿದೆ. ಮಗ್ಗದ ಮನೆಯವರಿಗೆ ಸದ್ದಿನ ಭಯವಿಲ್ಲ, ಸದ್ದು ನಿಂತರೇ ಭಯ. ತೊಟ್ಟಿಲಲ್ಲಿ ಮಲಗಿದ ಕೂಸು ಆರು ಮಗ್ಗಗಳ ಖಟಖಟಕ್ಕೆ ಹಾಯಾಗಿ ನಿದ್ದೆ ಮಾಡುತ್ತದೆ. ಕರೆಂಟ್ ಹೋಗಿ ಮಗ್ಗ ನಿಂತರೆ ಸಾಕು, ಯಾರೋ ಚಿವುಟಿದಂತೆ ಕಿಟಾರನೆ ಕಿರುಚಿಕೊಂಡು ಏಳುತ್ತದೆ. ಅಂಥ ಹೊತ್ತಿನಲ್ಲಿ ನಮ್ಮ ಬೀದಿಯ ದೊಡ್ಡವರೂ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಯಾರೂ ಮಾತಾಡುವುದಿಲ್ಲ, ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮಟಮಟ ಮಧ್ಯಾಹ್ನವೇ ಆದರೂ ನನಗೆ ಆಗ ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸುತ್ತದೆ. ನನ್ನ ಈ ಕಥೆಗೆ ಇದು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹೊಡೆದು, ತಲೆ ಅಲ್ಲಾಡಿಸಿದರು. "ಬಿಪಿ ಮಾತ್ರೆ ನಾನು ಕೊಡ್ತೀನಿ. ಟೆನ್ಷನ್ ಕಮ್ಮಿ ಮಾಡ್ಕೊಳ್ಳೋದು ನಿಮ್ಮ ಕೈಲಿದೆ" ಅಂದರು. "ನನ್ನ ಕೈಲಿ ಏನಿದೆ ಸಾರ್, ಎಲ್ಲ ಬಾಯಲ್ಲೇ ಇರೋದು" ಅಂದೆ. ಅವರು ನಗಲಿಲ್ಲ. ನಕ್ಕಿದ್ದು ಪಕ್ಕದಲ್ಲಿದ್ದ ನನ್ನ ಹೆಂಡತಿ ಸರೋಜ. ಮನೆಗೆ ಬಂದವಳೇ ತಮ್ಮನಿಗೆ ಫೋನ್ ಮಾಡಿದಳು.

ಈ ತಮ್ಮ, ಅಂದರೆ ನನ್ನ ಬಾಮೈದ ನಾಗೇಶ, ದೇವನಹಳ್ಳಿಯಲ್ಲಿದ್ದುಕೊಂಡು ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ಹಿಂದಿನ ಸೀಟಿನಲ್ಲಿ ಕೂತವರು ಫೋನಿನಲ್ಲಿ ಏನು ಮಾತಾಡಿಕೊಳ್ಳುತ್ತಾರೋ ಅದೆಲ್ಲ ಇವನ ವಿದ್ಯೆ. ಭಾನುವಾರ ಕುದುರೆ ಚಿತ್ರದ ಒಂದು ಡಬ್ಬಿ ಹಿಡಿದು ಬಂದ. "ಭಾವ, ಅಶ್ವಗಂಧ ಪುಡಿ. ಪೂರ್ತಿ ನ್ಯಾಚುರಲ್. ಹಾಲಲ್ಲಿ ಒಂದು ಚಮಚ ಹಾಕ್ಕೊಂಡು ಕುಡಿ. ನನ್ ಗಾಡಿ ಹತ್ತೋ ದೊಡ್ಡ ದೊಡ್ಡೋರೆಲ್ಲ ಇದನ್ನೇ ತಗೊಳೋದು. ಫ್ಲೈಟ್ ಮಿಸ್ಸಾದ್ರೂ ನಗ್ತಾ ಇರ್ತಾರೆ ಗುರು."

"ಭಾವನಿಗೆ ಗುರು ಅಂತೀಯೇನ್ಲಾ!" ಎಂದು ಕೂಗಿದೆ.

"ನೋಡಿದ್ಯಾ ಅಕ್ಕ, ಇದಕ್ಕೇ ನಾನು ಹೇಳಿದ್ದು" ಅಂದ.

ಮೂಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅವ್ವ ಡಬ್ಬಿ ತರಿಸಿಕೊಂಡು ಮೂಸಿ ನೋಡಿದಳು. "ಥೂ, ಇದು ಹಿರೇಮದ್ದಿನ ಬೇರು ಕಣ್ಲಾ. ನನ್ನ ತವರು ಆವತೀಲಿ ಬೇಲಿ ತುಂಬ ಬೆಳೀತಿತ್ತು, ದನಾನೂ ಮೂಸ್ತಿರ್ಲಿಲ್ಲ." ಅವ್ವ ಯಾವುದನ್ನೂ ಒಳ್ಳೆಯದು ಅಂದವಳಲ್ಲ. ನಾನು ಹೊಸ ಮಗ್ಗ ಹಾಕಿಸಿದಾಗ "ಸದ್ದು ಜಾಸ್ತಿಯಾಯ್ತು" ಅಂದಳು. ಸರೋಜಳನ್ನು ನೋಡಲು ಹೋಗಿ ಬಂದವಳು "ಪರವಾಗಿಲ್ಲ, ಎರಡು ಕಣ್ಣವೆ" ಅಂದಿದ್ದಳು. ಆದ್ದರಿಂದ ಅವಳ ಮಾತನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಡಾಕ್ಟರನ್ನು ಕೇಳಿದೆ. "ಬಿಪಿ ಮಾತ್ರೆ ಮಾತ್ರ ಬಿಡಬೇಡಿ, ಏನಾದ್ರೂ ಏರುಪೇರಾದ್ರೆ ಬಂದು ಹೇಳಿ" ಅಂದರು. ಕುಡಿಯಲು ಶುರುಮಾಡಿದೆ.

ಮೊದಲ ಒಂದೆರಡು ವಾರ ಏನೂ ಆಗಲಿಲ್ಲ, ಹಾಲು ಕಹಿಯಾಗಿದೆ ಎಂದು ಇನ್ನೂ ನಾಲ್ಕು ಕೂಗು ಹೆಚ್ಚಾಯಿತು ಅಷ್ಟೆ. ಆಮೇಲೊಂದು ದಿನ ಮೂರನೇ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಗುಂಪಾಗಿ ಕಡಿದವು. ನೇಯುವ ಮುನಿರಾಜು ಮಗ್ಗ ನಿಲ್ಲಿಸಿ, ಬೈಗುಳಕ್ಕೆ ತಯಾರಾಗಿ, ತಲೆ ತಗ್ಗಿಸಿ ನಿಂತ. ಹದಿನೈದು ವರ್ಷದಿಂದ ನಮ್ಮಲ್ಲೇ ಇರುವವನು, ಅವನಿಗೆ ಇದೆಲ್ಲ ರೂಢಿ. ನಾನು ಬಾಯಿ ತೆರೆದೆ. "ಇರ್ಲಿ ಬಿಡಪ್ಪ ಮುನಿರಾಜು, ಎಳೆ ಅಂದ್ಮೇಲೆ ಕಡಿಯುತ್ತೆ" ಎಂಬ ಮಾತು ಬಂತು. ನನ್ನದೇ ದನಿ, ಆದರೆ ಬೇರೆ ಯಾರೋ ಮಾತಾಡಿದ ಹಾಗಿತ್ತು. ಅವನು ತಲೆ ಎತ್ತಲಿಲ್ಲ, ಇನ್ನೂ ಬರುತ್ತದೆ ಎಂದು ಕಾದ. ಕೊನೆಗೆ ಮೆಲ್ಲಗೆ ಕೇಳಿದ: "ಅಣ್ಣ, ಶೆಡ್ಡು ಮಾರ್ಬಿಟ್ರಾ?"

ಅವತ್ತೇ ಮಧ್ಯಾಹ್ನ ಮುದ್ದೆ ಮುರಿಯುತ್ತಾ "ಸಾರು ಚೆನ್ನಾಗೈತೆ ಕಣವ್ವ" ಅಂದೆ. ಅವ್ವನ ಕೈಯಿಂದ ಸೌಟು ಬಿತ್ತು. ಅವಳು ಒಂದು ಸಲ ತಿರುಗಿ ತನ್ನ ಹಿಂದೆ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಸೌಟು ಎತ್ತಿಕೊಳ್ಳದೆ ಒಳಗೆ ಹೋದಳು.

ಮಾರನೆಯ ದಿನದಿಂದ ಮನೆ ಬದಲಾಯಿತು. ಅಡುಗೆಮನೆಯಲ್ಲಿ ಅತ್ತೆ ಸೊಸೆ ಪಿಸುಗುಟ್ಟುತ್ತಿದ್ದವರು ನಾನು ಹೋದೊಡನೆ ಬಾಯಿ ಮುಚ್ಚುತ್ತಿದ್ದರು. ಮಗ್ಗದ ಮನೆಯಲ್ಲಿ ಪಿಸುಮಾತು ಕೇಳಿದ್ದೀರಾ? ತುಟಿ ಆಡುವುದು ಮಾತ್ರ ಕಾಣುತ್ತದೆ, ಮೈ ಜುಂ ಅನ್ನುತ್ತದೆ. ಅಂಗಳದ ಬಿಸಿಲಿನಲ್ಲಿ ಪೇಪರ್ ಓದುತ್ತಾ ಕೂತರೆ ಅವ್ವ ಬಂದು ನನ್ನನ್ನು ಬಿಟ್ಟು ನನ್ನ ಸುತ್ತ ನೆಲ ನೋಡಿ ಹೋಗುತ್ತಿದ್ದಳು. ಏನು ಹುಡುಕುತ್ತಿದ್ದಾಳೆ ಎಂದು ಎರಡನೆಯ ಸಲ ಹೊಳೆಯಿತು. ನನ್ನ ನೆರಳು ಇದೆಯೋ ಇಲ್ಲವೋ ನೋಡುತ್ತಿದ್ದಳು. ಆಮೇಲೆ ನಾನೂ ಒಂದು ಸಲ ನೋಡಿಕೊಂಡೆ. ಇತ್ತು.

ಸರೋಜ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಅನ್ನುವುದು ನಿಮಗೂ ಗೊತ್ತು. ಬಂತು ನೋಡಿ ಘಾಟು, ಮುನಿರಾಜು ಶೆಡ್ಡಿನಲ್ಲಿ ಕೆಮ್ಮಿದ! ನನಗೆ ಸಮಾಧಾನವಾಯಿತು. ಅವ್ವನ ಮುಖ ಮಾತ್ರ ಇನ್ನೂ ಕಪ್ಪಿಟ್ಟಿತು. "ದೃಷ್ಟಿ ಅಲ್ಲ ಕಣೇ" ಅಂದಳು, ದೃಷ್ಟಿಯಾಗಿದ್ದರೇ ಎಷ್ಟೋ ವಾಸಿಯಿತ್ತು ಅನ್ನುವ ಹಾಗೆ.

ಆರನೆಯ ದಿನ ಅಡುಗೆಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಎಳೆದ ಆರು ಗೆರೆ ನೋಡಿದೆ. ಹಾಲಿನ ಲೆಕ್ಕವಿರಬೇಕು ಅಂದುಕೊಂಡೆ. "ಹಾಲಿಂದಲ್ಲ ರೀ, ಅತ್ತೆ ಎಳೆದಿರೋದು" ಎಂದು ಸರೋಜ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅವ್ವನನ್ನೇ ಕೇಳಿದೆ. ಅವಳು ಬಾಗಿಲ ಹಲಗೆಗೆ ಒರಗಿ ಹೇಳಿದಳು.

ನಮ್ಮಪ್ಪ ನನಗಿಂತ ದೊಡ್ಡ ಬಾಯಿಯವರು. ಅವರು ಶೆಡ್ಡಿನಲ್ಲಿ ಬೈದರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುತ್ತಿತ್ತು ಎಂದು ಜನ ಆಡಿಕೊಳ್ಳುತ್ತಿದ್ದರು. ಅಂಥವರು ಒಂದು ದಿನ ಬಂದು, ಕೈಕಾಲು ತೊಳೆದು, ಉಂಡು, "ಸಾರು ಚೆನ್ನಾಗೈತೆ" ಅಂದರಂತೆ. ಹಿಂದೆ ಯಾರಿಗೋ ಹೇಳುತ್ತಿದ್ದಾರೆ ಎಂದು ಅವ್ವ ತಿರುಗಿ ನೋಡಿದ್ದಳಂತೆ. ಒಂಬತ್ತು ದಿನ ಹಾಗೇ, ಹೂವಿನಂಥ ಮಾತು. ಒಂಬತ್ತನೆಯ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗಗಳು ನಿಂತವು. ಅವರ ಸದ್ದೂ ಇಲ್ಲವಲ್ಲ ಎಂದು ಅವ್ವ ಹೋಗಿ ನೋಡಿದರೆ, ಶೆಡ್ಡಿನ ಬೆಂಚಿನ ಮೇಲೆ ಅಪ್ಪ ಕೂತಂತೆಯೇ ಕೂತಿದ್ದರು, ಜೀವ ಹೋಗಿತ್ತು. ನಾನಾಗ ಹಾಸ್ಟೆಲಿನಲ್ಲಿದ್ದೆ. ಸತ್ತ ಸುದ್ದಿ ನನಗೆ ಬಂದಿತ್ತು, ಒಂಬತ್ತು ದಿನದ ಸುದ್ದಿ ಬಂದಿರಲಿಲ್ಲ.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ" ಅಂದಳು ಅವ್ವ. "ಸುಡಕ್ಕೆ ಮುಂಚೇನೆ ಹೋಗ್ಬಿಟ್ರೆ ಏನ್ ತಿಳ್ಕೊಳನ ಹೇಳು."

ನಾನು ನಕ್ಕೆ. ನಗು ಅರ್ಧಕ್ಕೇ ನಿಂತಿತು. ಒಂದು ಸಲ ಗಟ್ಟಿಯಾಗಿ ಕೂಗಿಬಿಟ್ಟರೆ ಮುಗಿಯುತ್ತಿತ್ತಲ್ಲಯ್ಯಾ ಅಂತ ನೀವು ಅನ್ನಬಹುದು. ಪ್ರಯತ್ನಪಟ್ಟೆ ಸ್ವಾಮಿ. ಬಚ್ಚಲುಮನೆಯಲ್ಲಿ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, "ಸರೋಜಾ, ಟವೆಲ್ ಎಲ್ಲಿ ಸತ್ತೋಯ್ತು" ಅಂದೆ. ಅದು ಲಾಲಿ ಹಾಡಿದಂತೆ ಹೊರಬಂತು. ಟವೆಲ್ ಕೊಡಲು ಬಂದ ಸರೋಜ ಅಲ್ಲೇ ಕೂತು ಅತ್ತಳು. ಹಾಗಾದರೆ ಪುಡಿ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸಿದರೆ ನಾನೂ ಹೆದರಿದೆ ಎಂದು ಒಪ್ಪಿಕೊಂಡ ಹಾಗಲ್ಲವೇ? ಕಹಿ ಹಾಲು ಕುಡಿಯುತ್ತಲೇ ಹೋದೆ.

ಒಂಬತ್ತನೆಯ ದಿನ ಬೆಳಿಗ್ಗೆಯೇ ಹಿತಕಿದಬೇಳೆ ಸಾರಿನ ವಾಸನೆ. ನನಗೆ ಅದೆಂದರೆ ಪ್ರಾಣ. ಇವತ್ತು ಯಾಕೆ ಎಂದು ಕೇಳುವ ಧೈರ್ಯವಾಗಲಿಲ್ಲ. ನಾಗೇಶ ಬಾಡಿಗೆ ಬಿಟ್ಟು ಬಂದು, ಕಾರನ್ನು ಮನೆಯ ಬಾಗಿಲಿಗೇ ಹಚ್ಚಿ, ಮುಖ ರಸ್ತೆಯ ಕಡೆಗೆ ತಿರುಗಿಸಿ ನಿಲ್ಲಿಸಿದ. "ಸುಮ್ನೆ ಬಂದೆ ಭಾವ, ಕೆಲಸ ಇರ್ಲಿಲ್ಲ" ಅಂದ. ಹಾಲು ಕುಡಿಯಲಿಲ್ಲ. ಲೋಟವನ್ನು ಹಾಗೇ ಶೆಡ್ಡಿಗೆ ಒಯ್ದು ಮೂರನೇ ಮಗ್ಗದ ಪಕ್ಕದ ಕಿಟಕಿ ಹಲಗೆಯ ಮೇಲಿಟ್ಟು ಬೆಂಚಿನ ಮೇಲೆ ಕೂತೆ. ಕೂತ ಮೇಲೆ ನೆನಪಾಯಿತು, ಯಾವ ಬೆಂಚು ಅಂತ. ಎದ್ದರೆ ಮುನಿರಾಜು ನೋಡುತ್ತಾನೆ. ಕೂತೇ ಇದ್ದೆ.

ಊಟದ ಹೊತ್ತು ದಾಟಿತು. ಒಂದು ತುತ್ತಿಗಿಂತ ಹೆಚ್ಚು ಸೇರದೆ ಮತ್ತೆ ಬಂದು ಕೂತಿದ್ದೆ. ಆಗ ಕರೆಂಟ್ ಹೋಯಿತು.

ಆರು ಮಗ್ಗಗಳೂ ಒಂದೊಂದಾಗಿ ಉಸಿರು ಬಿಟ್ಟು ನಿಂತವು. ಬೀದಿಯ ಎಲ್ಲ ಶೆಡ್ಡುಗಳೂ ನಿಂತವು. ಪಕ್ಕದ ಮನೆಯ ಕೂಸು ಎದ್ದು ಕಿರುಚಿತು, ಆಮೇಲೆ ಅದೂ ಸುಮ್ಮನಾಯಿತು. ಶೀಟಿನ ಸಂದಿಯಿಂದ ಬಿದ್ದ ಬಿಸಿಲಲ್ಲಿ ನೂಲಿನ ಧೂಳು ಅಲ್ಲಾಡದೆ ನಿಂತಿತ್ತು. ಬಾಗಿಲಲ್ಲಿ ಅವ್ವ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು, ಆದರೆ ಆ ನೋಟ ನನ್ನನ್ನು ದಾಟಿ ಮೂವತ್ತು ವರ್ಷ ಹಿಂದಕ್ಕೆ ಹೋಗಿತ್ತು. "ಸೀನಾ..." ಎಂದು ನನ್ನ ಹೆಸರು ಹಿಡಿದು ಕರೆದಳು. ನಾನು ಓ ಅನ್ನಬೇಕು. ನಾಲಗೆ ಅಂಗುಳಿಗೆ ಅಂಟಿಕೊಂಡಿತ್ತು. "ಸೀನಾ..." ಎರಡನೆಯ ಸಲ ಕರೆದಳು. ನನ್ನ ಎದೆ ಹೊಡೆದುಕೊಳ್ಳುವುದು ನನಗೇ ಕೇಳುತ್ತಿತ್ತು. ಎಲ್ಲಿ ಅದೂ ನಿಲ್ಲುತ್ತದೋ ಎಂದು ಕಣ್ಣು ಮುಚ್ಚಿ ಎಣಿಸತೊಡಗಿದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನಾನು ಸತ್ತೇ ಹೋದೆ ಅಂದುಕೊಂಡಿದ್ದೆ.

ನಾನು ಕಣ್ಣು ಮುಚ್ಚಿದ್ದು ಕಂಡು ಮುನಿರಾಜು "ಅಯ್ಯೋ ಅಣ್ಣಾ!" ಎಂದು ಮಗ್ಗದ ಸಂದಿಯಿಂದ ಹಾರಿ ಬಂದ. ಅವನ ಮೊಣಕೈ ಲೋಟಕ್ಕೆ ತಗುಲಿತು. ಪುಡಿ ಕದಡಿದ ಹಾಲು ಹಿಂದಿನ ದಿನವಷ್ಟೇ ಏರಿಸಿದ್ದ ತಿಳಿಗುಲಾಬಿ ಹಾಸಿನ ಮೇಲೆ ಅಗಲವಾಗಿ ಹರಡಿತು.

"ಲೇ ಮುನಿರಾಜು! ಕಣ್ಣು ಮನೇಲಿ ಬಿಟ್ ಬಂದಿದೀಯೇನಲೇ! ಹೊಸಾ ಹಾಸು ಕಣೋ! ನಿನ್ ಕೈ ಸೇದೋಗ!"

ಶೀಟು ಅದುರಿತು. ಬೀದಿಯ ಬಾಗಿಲುಗಳಲ್ಲಿ ನಿಂತಿದ್ದವರೆಲ್ಲ ಇತ್ತ ತಿರುಗಿದರು. ಅವ್ವ ಹೊಸ್ತಿಲ ಮೇಲೇ ಕುಸಿದು ಕೂತು "ಬದುಕ್ದ ಕಣೇ ಸರೋಜಾ, ನನ್ ಮಗ ಬದುಕ್ದ" ಎಂದು ಗೋಳೋ ಎಂದು ಅತ್ತಳು. ಮುನಿರಾಜು ಕೈ ಮುಗಿದು, ಹಲ್ಲು ಬಿಟ್ಟು, "ಇನ್ನೊಂದ್ಸಲ ಬೈಯ್ರಿ ಅಣ್ಣ" ಅಂದ. ನಾನು ಎಲ್ಲರನ್ನೂ ಬೈದೆ, ನಾಗೇಶನ ಕಾರನ್ನೂ ಬಿಡಲಿಲ್ಲ. ಒಳಗೊಳಗೆ ನನಗೂ ಅಳು ಬಂದಿತ್ತು. ಆಮೇಲೆ ಕೂತು ಹಿತಕಿದಬೇಳೆ ಸಾರಿನಲ್ಲಿ ಎರಡು ಮುದ್ದೆ ಇಳಿಸಿದೆ, ಉಪ್ಪು ಕಮ್ಮಿ ಎಂದು ಹೇಳಿ.

ಮುಕ್ಕಾಲು ಡಬ್ಬಿ ಪುಡಿ ಇನ್ನೂ ಉಳಿದಿತ್ತು. ಅದನ್ನು ಸರೋಜ ಉಪ್ಪಿನಕಾಯಿ ಜಾಡಿಯ ಹಿಂದೆ ತಳ್ಳಿದಳು. ಮನೆ ಮೊದಲಿನಂತಾಯಿತು. ಮಗ್ಗದ ಸದ್ದು, ನನ್ನ ಸದ್ದು, ಎಲ್ಲ ಕ್ಷೇಮ.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಹೋದ ತಿಂಗಳು ಒಂದು ಬೆಳಿಗ್ಗೆ ನನ್ನ ಕನ್ನಡಕಕ್ಕಾಗಿ ನಾನು ಮನೆ ಕಿತ್ತುಹೋಗುವಂತೆ ಕೂಗಾಡುತ್ತಿದ್ದಾಗ ಅವ್ವ ಹತ್ತಿರ ಬಂದು, ತಲೆ ಸವರಿ, "ಇರ್ಲಿ ಬಿಡಪ್ಪ. ನೀನಾದ್ರೂ ಎಷ್ಟು ಅಂತ ನೋಡ್ಕೊತೀಯಾ. ಒಳ್ಳೆ ಮಗ ಕಣಪ್ಪ ನೀನು" ಅಂದಳು.

ನನ್ನ ಕೂಗು ಅಲ್ಲೇ ನಿಂತಿತು. ಐವತ್ತು ವರ್ಷದಲ್ಲಿ ಈ ಮಾತು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ತಿರುಗಿ ನನ್ನ ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಮಧ್ಯಾಹ್ನ ಸರೋಜಳಿಗೆ "ನಿನ್ನ ಕೈ ಅಡುಗೆ ಚಂದ ಕಣವ್ವ" ಅಂದಳು. ನಾಗೇಶ ಬಂದರೆ ಅವನ ಬುದ್ಧಿಯನ್ನು ಹೊಗಳಿದಳು. ಯಾರಿಗೂ ಕಾಣದಂತೆ ಅಡುಗೆಮನೆ ಬಾಗಿಲ ಹಿಂದೆ ಹೋಗಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ನಾನೇ, ಅವ್ವನ ಗೆರೆ ನೋಡಿ ನಕ್ಕವನು! ಮಾರನೆಯ ದಿನ ಇನ್ನೊಂದು. ಏಳನೆಯ ಗೆರೆಯ ಹೊತ್ತಿಗೆ ನಾನು ಬಿಸಿಲಿನಲ್ಲಿ ಅವಳ ಸುತ್ತ ನೆಲ ನೋಡಿಕೊಂಡು ತಿರುಗುತ್ತಿದ್ದೆ.

ಎಂಟನೆಯ ದಿನ ಬೆಳಿಗ್ಗೆ ಗೆರೆ ಎಳೆಯಲು ಹೋದವನಿಗೆ ಉಪ್ಪಿನಕಾಯಿ ಜಾಡಿ ಕಣ್ಣಿಗೆ ಬಿತ್ತು. ದೇವರೇ, ಡಬ್ಬಿ ಖಾಲಿಯಾಗಿರಲಿ ಅಂದುಕೊಂಡು ಮುಚ್ಚಳ ತೆಗೆದೆ. ತಳ ಕಾಣುತ್ತಿತ್ತು. ತಳದಲ್ಲಿ ಅವ್ವ ಎಲೆಗೆ ಸುಣ್ಣ ಹಚ್ಚಿಕೊಳ್ಳುವ ಪುಟ್ಟ ಹಿತ್ತಾಳೆ ಚಮಚ ಬಿದ್ದಿತ್ತು.

ಕಣ್ಣಲ್ಲಿ ನೀರು ಬಂತು. ಬಾಯಲ್ಲಿ ಬಂದದ್ದು ಮಾತ್ರ ಇದು: "ಅವ್ವಾ! ಯಾರನ್ನ ಕೇಳಿ ತಿಂದೆ ಇದನ್ನ? ನೀನು ತಗೊಳೋ ಶುಗರ್ ಮಾತ್ರೆಗೆ ಇದು ಆಗ್ತದೋ ಇಲ್ವೋ ಡಾಕ್ಟ್ರನ್ನ ಕೇಳಿದ್ಯಾ? ಏಳು, ಈಗ್ಲೇ ಆಸ್ಪತ್ರೆಗೆ ನಡಿ!"

ಅವ್ವ ಎಲೆಗೆ ಬೆರಳಲ್ಲೇ ಸುಣ್ಣ ಹಚ್ಚಿಕೊಳ್ಳುತ್ತಿದ್ದಳು. ತಲೆ ಎತ್ತದೆ, ತಣ್ಣಗೆ ಅಂದಳು:

"ಕೂಗಪ್ಪ, ಕೂಗು. ಅದಕ್ಕೇ ಅಲ್ವಾ ನಾನು ಅದನ್ನ ತಿಂದಿದ್ದು."