ಹ್ಯಾಂಡ್‌ಬ್ರೇಕಿಗೆ ಸಂದ ಚಪ್ಪಾಳೆ

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿ ತನಗಾಗಿ ಒಂದು ಸಲವೂ ಚಪ್ಪಾಳೆ ತಟ್ಟಿಲ್ಲ ಎಂಬ ಘೋರ ಸತ್ಯ ಫರ್ಗಲ್‌ಗೆ ಹೊಳೆದದ್ದು ಐರ್ಲೆಂಡಿನ ಡೊನಿಗಾಲ್‌ನ ದನದ ಸಂತೆಯ ಅಂಗಳದಲ್ಲಿ. ಚರ್ಚಿನ ಸೂರು ರಿಪೇರಿಯ ಸಹಾಯಾರ್ಥ ಅಲ್ಲಿ ಕಾರುಗಳ ಡ್ರಿಫ್ಟಿಂಗ್ ಪ್ರದರ್ಶನವಿತ್ತು. ಪಕ್ಕದ ಮನೆಯ ಲಾರ್ಕನ್ ತನ್ನ ಕಾರಿನ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕಿನ ಉದ್ದನೆಯ ಹಿಡಿಯನ್ನು ಒಮ್ಮೆ ಎಳೆದ. ಹಿಂದಿನ ಚಕ್ರಗಳು ಗಕ್ಕನೆ ನಿಂತು, ಕಾರು ಅಡ್ಡಡ್ಡವಾಗಿ ಜಾರುತ್ತ ಹೊಗೆಯೆಬ್ಬಿಸಿ ತಿರುಗಿತು. ನೋರೀನ್ ಚಹಾದ ಲೋಟವನ್ನು ಗಂಡನ ಕೈಗೆ ತುರುಕಿ ಚಪ್ಪಾಳೆ ತಟ್ಟಿದಳು. (ಅದಕ್ಕೆ ಎರಡೂ ಕೈ ಬೇಕಿತ್ತೇ ಎಂಬುದು ಫರ್ಗಲ್‌ನ ತಕರಾರು.)

"ಎಷ್ಟು ನಾಜೂಕಾಗಿ ಎಳೀತಾನೆ ನೋಡು!"

"ನಾನೂ ಎಳೀತೀನಿ, ಬೇಕಿದ್ರೆ."

"ನೀನಾ? ಕಸದ ಡಬ್ಬಿ ಗೇಟಿನ ತನಕ ಎಳಿ ಅಂದ್ರೆ ಬುಧವಾರ ಹೋಗಿ ಗುರುವಾರ ಆಗುತ್ತೆ!"

ಫರ್ಗಲ್‌ನ ಹೊಟ್ಟೆಗೆ ಬೆಂಕಿ ಬಿತ್ತು. ಮರುವಾರವೇ ಅಂಥದೊಂದು ಹಿಡಿ ತರಿಸಿ, ತನ್ನ ಹಳೆಯ ಕೆಂಪು ಕಾರನ್ನು ಶೆಡ್ಡಿಗೆ ನುಗ್ಗಿಸಿ ಮಹಾಯಜ್ಞಕ್ಕೆ ಕುಳಿತ. ಬ್ರೇಕ್ ಆಯಿಲ್ ಅಂಗಿಗೆ, ಗೋಡೆಗೆ, ಬೆಕ್ಕಿಗೆ ಸಮನಾಗಿ ಹಂಚಿಕೆಯಾಯಿತು. ಮೂರನೆಯ ದಿನ ಲಾರ್ಕನ್ ಬೇಲಿಯಾಚೆಯಿಂದ ಇಣುಕಿದ.

"ಹಳೇ ಹ್ಯಾಂಡ್‌ಬ್ರೇಕ್ ಕಿತ್ತುಬಿಡಬೇಡ ಮಾರಾಯ. ಇದು ಕೈ ಬಿಟ್ರೆ ವಾಪಸ್ ಹೋಗುತ್ತೆ. ಗಾಡಿ ನಿಲ್ಲಿಸಿಡೋಕೆ ಹಳೇದೇ ಬೇಕು."

ಓಹೋ, ಹೊಟ್ಟೆಕಿಚ್ಚು! ಎಂದುಕೊಂಡ ಫರ್ಗಲ್. ತನ್ನ ಕಾರಿನ ಠೀವಿ ಇವನಿಗೆ ಸಹಿಸಲಾಗುತ್ತಿಲ್ಲ, ಅದಕ್ಕೇ ಈ ಅಡ್ಡಗಾಲು. ಲಾರ್ಕನ್ ಅತ್ತ ಹೋದದ್ದೇ ತಡ, ಹಳೆಯದನ್ನು ಬುಡಸಮೇತ ಕಿತ್ತು ಬಿಸಾಡಿದ.

ಭಾನುವಾರ ಬಂತು. ಚರ್ಚು ಇರುವುದು ದಿಣ್ಣೆಯ ಮೇಲೆ. ಫರ್ಗಲ್ ಬೇಕೆಂದೇ ಲಾರ್ಕನ್‌ನ ಕಾರಿಗಿಂತ ಮೇಲಕ್ಕೆ, ಊರಿಗೆಲ್ಲ ಕಾಣುವ ಹಾಗೆ ನಿಲ್ಲಿಸಿದ. ನೋರೀನ್ ಇಳಿದು ಒಳಗೆ ಹೋದಳು. ಇವನು ಹಿಡಿಯನ್ನು ಎಳೆದರೆ ಕಾರು ನಿಂತಿತು, ಬಿಟ್ಟರೆ ಜಾರಿತು. ಮತ್ತೆ ಎಳೆದ, ಮತ್ತೆ ಬಿಟ್ಟ. ಅಷ್ಟರಲ್ಲಿ ಪೂಜೆಯ ಗಂಟೆ ಬಡಿಯಿತು. ಗೇರಿನಲ್ಲಿ ಬಿಟ್ಟು ಇಳಿದಿದ್ದರೆ ಸಾಕಿತ್ತು, ಆದರೆ ಉರಿಯುತ್ತಿದ್ದ ತಲೆಗೆ ಅದು ಹೊಳೆಯಲಿಲ್ಲ. ನೋರೀನ್ ಹೆಣೆದುಕೊಟ್ಟಿದ್ದ ಉಣ್ಣೆಯ ಮಫ್ಲರನ್ನು ಕುತ್ತಿಗೆಯಿಂದ ಬಿಚ್ಚಿ, ಹಿಡಿಯನ್ನು ಸೀಟಿಗೆ ಬಿಗಿದು, ಚರ್ಚಿನ ಬಾಗಿಲಲ್ಲೇ ನಿಂತು ಪೂಜೆ ಮುಗಿಸುವ ಗಂಡಸರ ಗುಂಪಿಗೆ ಸೇರಿಕೊಂಡ.

ಪೂಜೆ ಮುಗಿಯುವವರೆಗೆ ಮಫ್ಲರ್ ನಿಷ್ಠೆಯಿಂದ ಹಿಡಿದುಕೊಂಡಿತ್ತು. ಆದರೆ ಎಷ್ಟೆಂದರೂ ಉಣ್ಣೆ, ಹಿಗ್ಗಿತು. ಜನ ಹೊರಬಂದು ಮಾತಿಗೆ ನಿಂತಿದ್ದಾಗ ಕೆಂಪು ಕಾರು ಹಿಮ್ಮುಖವಾಗಿ ಹೊರಟಿತು. ವೇಗ ಹಿಡಿಯಿತು, ಸ್ಟೀರಿಂಗ್ ತಾನಾಗಿ ತಿರುಗಿತು, ಮೂತಿ ಸುಯ್ಯನೆ ಸುತ್ತಿ ಬಂತು. ಜಲ್ಲಿ ಎರಚುತ್ತ ಅಡ್ಡಡ್ಡ ಜಾರಿ, ಲಾರ್ಕನ್‌ನ ಕಾರಿನ ಪಕ್ಕ ಗೇಣು ಜಾಗ ಬಿಟ್ಟು ಅಚ್ಚುಕಟ್ಟಾಗಿ ನಿಂತಿತು.

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನೋರೀನ್.

"ಭೇಷ್ ಫರ್ಗಲ್! ನನ್ ಕೈಲೂ ಆಗಲ್ಲ ಇದು!" ಎಂದು ಲಾರ್ಕನ್ ಆ ಕೆಂಪು ಕಾರಿನತ್ತ ಕೂಗಿದ.

"ನೋಡಿದ್ರಾ, ನನ್ನ ಗಂಡ!" ಎಂದಳು ನೋರೀನ್. ಅವಳ ಕಣ್ಣಲ್ಲಿ ನೀರಿತ್ತು.

ಇಪ್ಪತ್ತೆರಡು ವರ್ಷ ಕಾದ ಚಪ್ಪಾಳೆ! ಅಡಗಿಕೊಂಡರೆ ಅದು ತನ್ನದಾಗಿಯೇ ಉಳಿಯುತ್ತದೆಂದು ಫರ್ಗಲ್ ಮೆಲ್ಲಗೆ ಕಂಬದ ಹಿಂದೆ ಸರಿದ. ಬಾಗಿಲಲ್ಲಿ ಎಲ್ಲರ ಕೈಕುಲುಕುತ್ತಿದ್ದ ಫಾದರ್ ಅವನ ಕೈಯನ್ನೂ ಹಿಡಿದುಕೊಂಡರು.

"ಅರೆ, ಫರ್ಗಲ್ ಇಲ್ಲೇ ಇದ್ದಾನಲ್ಲ! ಹಾಗಾದ್ರೆ ಕಾರಲ್ಲಿ ಯಾರು?"

ಚಪ್ಪಾಳೆ ನಿಂತಿತು. ನೋರೀನ್ ಇಳಿದುಹೋಗಿ ಕಾರಿನ ಬಾಗಿಲು ತೆಗೆದಳು. ಒಂದು ಮಾರು ಉದ್ದವಾಗಿದ್ದ ಮಫ್ಲರನ್ನು ಹಿಡಿದು ಬಂದು, ಗಂಡನ ಕುತ್ತಿಗೆಗೆ ಮೂರು ಸುತ್ತು ಸುತ್ತಿದಳು, ತುಸು ಬಿಗಿಯಾಗಿಯೇ.

"ಮುಂದಿನ ವರ್ಷ ಪ್ರದರ್ಶನಕ್ಕೆ ಕಾರಿನ ಹೆಸರು ಬರೆಸೋಣ," ಎಂದಳು. "ನೀನು ಚಹಾ ಹಿಡ್ಕೊಂಡು ನಿಂತಿರು."

ಲಾರ್ಕನ್ ಮೇಲಿನ ಹೊಟ್ಟೆಕಿಚ್ಚು ಅಂದೇ ಆರಿತು. ಈಗ ಶೆಡ್ಡಿನ ಮುಂದೆ ಹಾದುಹೋಗುವಾಗ ಫರ್ಗಲ್ ಕೆಂಪು ಕಾರಿನ ಮುಖ ನೋಡುವುದಿಲ್ಲ.